ಓದುಗರ ಸ್ಪಂದನ: ಹೇಳಿ ಅರ್ಜಿ ಹಾಕಲಾ, ಹಾಕಿ ಹೇಳಲಾ?

ದಾವಣಗೆರೆ ಕಡೆಯ ಓದುಗಿಯೊಬ್ಬರು ಕಳೆದ ಸಂಚಿಕೆಯಲ್ಲಿ ತಮ್ಮ ಸಂಕಟ ಬರೆದಿದ್ದರು. ಸಿಇಟಿಯಲ್ಲಿ ಸಿಕ್ಕ ಸಿವಿಲ್ ಸೀಟಿಗೆ ಸೇರಿ ಮೊದಲ ವರ್ಷ ಮುಗಿಸುತ್ತಿದ್ದಾರೆ. ಮೊದಲ ಸೆಮಿಸ್ಟರಿನಲ್ಲಿ ಹತ್ತಕ್ಕೆ 9.2 ಎಸ್‌ಜಿಪಿಎ (ಸರಾಸರಿ ಗ್ರೇಡ್ ಅಂಕ). ಮೂರನೇ ಸೆಮಿಸ್ಟರಿಗೆ ಬೆಂಗಳೂರಿನ ಒಂದು ಕಾಲೇಜಿಗೆ, ಕಂಪ್ಯೂಟರ್ ಸೈನ್ಸಿಗೆ ಹೋಗುವ ಆಸೆ. ತಂದೆ ಗಾರೆ ಮೇಸ್ತ್ರಿ. 'ನನ್ನ ಮಗಳು ಪ್ಲಾನಿಗೆ ಸೈನ್ ಹಾಕ್ತಾಳೆ' ಎಂದು ಊರಿಗೆಲ್ಲ ಹೇಳಿಕೊಂಡು ಬಂದವರು. ಸೀಟು ಸಿಗುವುದೇ ಖಾತ್ರಿಯಿಲ್ಲ. ಸಿಗದೆ ಹೋಗಬಹುದಾದ ಸೀಟಿಗಾಗಿ ಸುಮ್ನೆ ಅವರ ಮನಸ್ಸು ಯಾಕೆ ನೋಯಿಸಲಿ, ಸಿಕ್ಕ ಮೇಲೆ ಹೇಳಿದರಾಯ್ತು ಅಲ್ವಾ ಎಂಬುದು ಅವರ ಪ್ರಶ್ನೆ.

ಬಂದ ಪತ್ರಗಳಲ್ಲಿ ಹೆಚ್ಚಿನವು ಬೇರೆಯೇ ಪ್ರಶ್ನೆಗೆ ಉತ್ತರ ಕೊಟ್ಟಿವೆ. ಅವೂ ಇರಲಿ.

*

ಫೀಸಿಗೆ ಅಪ್ಪ ಬೇಕು, ಮಾತಿಗೆ ಬೇಡ. ಚೆನ್ನಾಗಿದೆ.

— ಒಬ್ಬ ಓದುಗ, ರಾಣೆಬೆನ್ನೂರು

*

ಮುಂದಿನವರು ಎಂಜಿನಿಯರಿಂಗ್ ಕಾಲೇಜಿನ ಕಚೇರಿಯಲ್ಲಿ ಬಹಳ ವರ್ಷ ಕೂತವರು. ಅವರ ಪತ್ರವನ್ನು ಎರಡು ಸಲ ಓದಿಕೊಳ್ಳುವುದು ಒಳ್ಳೆಯದು.

ತಂಗಿ, ಅಪ್ಪನ ವಿಷಯ ನಿಮ್ಮ ಮನೆಯದು. ನಾನು ಕಾಗದದ ವಿಷಯ ಹೇಳುತ್ತೇನೆ. ವಿಟಿಯುನಲ್ಲಿ, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ, ಬ್ರ್ಯಾಂಚ್ ಬದಲಾವಣೆಗೆ ಬಾಗಿಲು ತೆರೆಯುವುದು ಮೂರನೇ ಸೆಮಿಸ್ಟರಿನ ಶುರುವಿನಲ್ಲಿ. ಮೊದಲ ಎರಡು ಸೆಮಿಸ್ಟರಿನ ಎಲ್ಲ ಸಬ್ಜೆಕ್ಟೂ ಪಾಸಾಗಿರಬೇಕು. ಒಂದೇ ಒಂದು ಬ್ಯಾಕ್ ಉಳಿದರೂ ನಿಮ್ಮ 9.2 ಲೆಕ್ಕಕ್ಕಿಲ್ಲ. ಆ ಕಡೆ ಸೀಟು ಖಾಲಿ ಇರಬೇಕು. ಕಂಪ್ಯೂಟರ್ ಸೈನ್ಸ್ ಸೀಟು ಬಿಡುವವರು ಯಾರು ಹೇಳಿ? ಮತ್ತೆ ನೀಟ್ ಬರೆದು ಮೆಡಿಕಲ್‌ಗೆ ಹೋದವನು ಒಬ್ಬ, ಮತ್ತೆ ಸಿಇಟಿ ಬರೆದು ಇನ್ನೂ ದೊಡ್ಡ ಕಾಲೇಜಿಗೆ ಹಾರಿದವಳು ಒಬ್ಬಳು. ಅಷ್ಟೇ. ಎರಡೂ ಕಾಲೇಜಿನವರು ಒಪ್ಪಬೇಕು. ಆ ಕಾಲೇಜು ಅಟಾನಮಸ್ ಆಗಿದ್ದರೆ ಸಿಲಬಸ್ಸೇ ಬೇರೆ. ನೀವು ಓದದ ಸಬ್ಜೆಕ್ಟನ್ನು ಅಲ್ಲಿ ಹೋಗಿ ಬರೆಯಬೇಕಾಗಬಹುದು. ಫೀಸು ಈಗಿನಷ್ಟೇ ಇರುತ್ತದೆ ಅಂತ ಅಂದುಕೊಳ್ಳಬೇಡಿ, ಬರವಣಿಗೆಯಲ್ಲಿ ಕೇಳಿ.

ಇನ್ನೊಂದು ಮಾತು. ನಿಮ್ಮದು ಎಸ್‌ಎನ್‌ಕ್ಯೂ ಸೀಟಾ, ಅಂದರೆ ಟ್ಯೂಷನ್ ಫೀ ಮಾಫಿಯ ಸೀಟಾ, ಇವತ್ತೇ ನೋಡಿಕೊಳ್ಳಿ. ಮೇಸ್ತ್ರಿ ಮಗಳು, ಒಳ್ಳೆ ಅಂಕ, ಇದ್ದರೂ ಇರಬಹುದು. ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ ಎಐಸಿಟಿಇಯ ನಿಯಮದ ಪ್ರಕಾರ ಆ ಸೀಟಿನವರು ಕಾಲೇಜೂ ಬದಲಿಸುವಂತಿಲ್ಲ, ಕೋರ್ಸೂ ಬದಲಿಸುವಂತಿಲ್ಲ. ಸೇರುವಾಗ ಇದನ್ನು ಯಾರೂ ಓದುವುದಿಲ್ಲ. ಅರ್ಜಿ ತುಂಬಿ, ಫೋಟೋ ಅಂಟಿಸಿ, ಕೌಂಟರಿನ ಮುಂದೆ ನಿಂತ ಮಕ್ಕಳಿಗೆ ಇದನ್ನು ಹೇಳುವುದೇ ನನ್ನ ನೌಕರಿಯ ಕೆಟ್ಟ ಕೆಲಸವಾಗಿತ್ತು.

— ನಿವೃತ್ತ ಸೂಪರಿಂಟೆಂಡೆಂಟ್, ಹಾಸನ

*

ಅಕ್ಕಾ, ಸೀಟು ಖಾಲಿ ಇರೋ ಆ ಕಾಲೇಜು ಯಾವುದು? ನನ್ನದು 8.9. ಸಿಗುತ್ತಾ?

— ಎಲೆಕ್ಟ್ರಿಕಲ್ ವಿದ್ಯಾರ್ಥಿ, ಗದಗ

(ಕಾಲೇಜಿನ ಹೆಸರನ್ನು ಅವರು ನಮಗೂ ಹೇಳಿಲ್ಲ. — ಸಂ.)

*

ಸಿವಿಲ್ ಅಂದರೆ ಅಷ್ಟು ಕಡೆಯಾಯಿತಾ? ಸೆಪ್ಟೆಂಬರ್ 15 ಬಂದರೆ ವಿಶ್ವೇಶ್ವರಯ್ಯನವರ ಫೋಟೋಗೆ ಹಾರ, ಮಾರನೇ ದಿನ ಎಲ್ಲರಿಗೂ ಕೋಡಿಂಗೇ ಬೇಕು. ನೀವು ಕುಡಿಯುವ ನೀರು, ಓಡಾಡುವ ಸೇತುವೆ ಯಾವ ಸಾಫ್ಟ್‌ವೇರಿನಿಂದಲೂ ಇಳಿದು ಬಂದಿಲ್ಲ. ನಾನು 22 ವರ್ಷದಿಂದ ನಾಲೆ ಕೆಲಸದಲ್ಲಿದ್ದೇನೆ. ಸಂಬಳ ಕಡಿಮೆ, ಬಿಸಿಲು ಜಾಸ್ತಿ, ಒಪ್ಪುತ್ತೇನೆ. ಆದರೆ ಕೊನೆಯ ಗದ್ದೆಗೆ ನೀರು ಮುಟ್ಟಿದ ದಿನ ನೋಡಬೇಕು ನೀವು.

— ಸಿವಿಲ್ ಎಂಜಿನಿಯರ್, ಮಂಡ್ಯ

ಕೆಆರ್‌ಎಸ್ ಸೀಮೆಯವರ ಅಭಿಮಾನಕ್ಕೆ ನಮ್ಮ ಗೌರವವಿದೆ. ಆದರೆ ವಿಶ್ವೇಶ್ವರಯ್ಯನವರೂ 1881ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿ, ಆಮೇಲೆ ಪುಣೆಗೆ ಹೋಗಿ ಎಂಜಿನಿಯರಿಂಗ್ ಓದಿದವರು.

*

ಬದಲಾಯಿಸಲೇಬೇಕಾ? ನಮ್ಮ ಟೀಮಿನಲ್ಲಿ ಎಂಟು ಜನ. ಇಬ್ಬರು ಮೆಕ್ಯಾನಿಕಲ್, ಒಬ್ಬಳು ಸಿವಿಲ್, ನಾನು ಟೆಕ್ಸ್‌ಟೈಲ್. ಐಐಟಿ ಮದ್ರಾಸ್ 2020ರಿಂದ ಆನ್‌ಲೈನಿನಲ್ಲಿ ಡೇಟಾ ಸೈನ್ಸ್ ಕೋರ್ಸ್ ನಡೆಸುತ್ತಿದೆ. ಅದಕ್ಕೆ ಜೆಇಇ ಬೇಕಿಲ್ಲ, ಅವರದೇ ಕ್ವಾಲಿಫೈಯರ್ ಪಾಸಾದರೆ ಸಾಕು. ಒಟ್ಟಿಗೆ ಎರಡು ಪದವಿ ಓದಲು 2022ರಲ್ಲಿ ಯುಜಿಸಿಯೇ ಒಪ್ಪಿದೆ. ಅದೂ ಬೇಡ ಅಂದರೆ ಪಿಜಿಸಿಇಟಿ (ಸ್ನಾತಕೋತ್ತರ ಪ್ರವೇಶ ಪರೀಕ್ಷೆ) ಬರೆದು ಎಂಸಿಎ ಮಾಡಿ, ಈಗ ಎರಡೇ ವರ್ಷ. ಒಂದು ಕೊರತೆ ಮಾತ್ರ ಮುಚ್ಚಿಡಬಾರದು. ಕ್ಯಾಂಪಸ್ಸಿಗೆ ಬರುವ ಕೆಲವು ಕಂಪನಿಗಳು ಕಂಪ್ಯೂಟರ್ ಬ್ರ್ಯಾಂಚಿನವರನ್ನು ಬಿಟ್ಟು ಬೇರೆಯವರನ್ನು ಪರೀಕ್ಷೆಗೇ ಕೂರಿಸುವುದಿಲ್ಲ.

— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

*

ಈ ಪತ್ರ ಉದ್ದವಿದೆ. ಕತ್ತರಿಸಲು ಮನಸ್ಸಾಗಲಿಲ್ಲ.

ನಿಮ್ಮ ಪತ್ರ ಓದಿ, ಒಲೆಯ ಮೇಲೆ ಸಾರು ಕುದಿಯುತ್ತಿದ್ದರೂ ಸುಮ್ನೆ ಕೂತುಬಿಟ್ಟೆ. ನೀವು ಮಾಡಬೇಕು ಅಂತಿರುವುದನ್ನು ನಾನು 2003ರಲ್ಲಿ ಮಾಡಿದ್ದೇನೆ.

ನಮ್ಮಪ್ಪ ಟೈಲರ್. ಒಂದೇ ಮಿಷನ್ನಿನ ಅಂಗಡಿ. ನನಗೆ ಸಿಕ್ಕಿದ್ದು ಮೆಕ್ಯಾನಿಕಲ್. ಹುಡುಗಿಗೆ ಮೆಕ್ಯಾನಿಕಲ್ಲಾ ಅಂತ ನೆಂಟರೆಲ್ಲ ಮೂಗು ಮುರಿದರೆ ಅಪ್ಪನಿಗೆ ಮಾತ್ರ ಖುಷಿಯೋ ಖುಷಿ. ವರ್ಕ್‌ಶಾಪಿಗೆ ಖಾಕಿ ಅಂಗಿ ಬೇಕು ಅಂದಾಗ ತಾವೇ ಹೊಲಿದರು. ಕಬ್ಬಿಣ ಉಜ್ಜುವಾಗ ಸಿಕ್ಕಿಹಾಕಿಕೊಳ್ಳಬಾರದು ಅಂತ ತೋಳು ಗಿಡ್ಡ. ಎಡಗಡೆ ಜೇಬಿನೊಳಗೆ ಸ್ಟೀಲ್ ಸ್ಕೇಲಿಗೆ ಅಂತಲೇ ಇನ್ನೊಂದು ಸಣ್ಣ ಜೇಬು. ಇಡೀ ಬ್ಯಾಚಿನಲ್ಲಿ ಅಂಥದ್ದು ಯಾರಿಗೂ ಇರಲಿಲ್ಲ.

ಬ್ರ್ಯಾಂಚ್ ಬದಲಾವಣೆ ಅರ್ಜಿಗೆ ಕಾಲೇಜಿನವರು ಪೋಷಕರ ಸಹಿ ಕೇಳಿದರು. ನಾನೇ ಹಾಕಿದೆ. ಬಿಲ್ ಬುಕ್ಕಿನಲ್ಲಿ ದಿನಾ ನೋಡುತ್ತಿದ್ದ ಸಹಿ, ಏನೂ ಕಷ್ಟವಾಗಲಿಲ್ಲ. ಖಾಲಿ ಇದ್ದದ್ದು ಒಂದೇ ಸೀಟು, ನನಗೇ ಸಿಕ್ಕಿತು. ಶನಿವಾರ ಊರಿಗೆ ಹೋಗುವ ಬಸ್ಸಿನಲ್ಲಿ ಹೇಗೆ ಹೇಳಬೇಕು ಅಂತ ಮಾತು ಜೋಡಿಸಿಕೊಂಡೇ ಬಂದೆ. ಅಷ್ಟರಲ್ಲಿ ನನ್ನ ಕ್ಲಾಸಿನ ಹುಡುಗನೊಬ್ಬನ ತಂದೆ ಪ್ಯಾಂಟು ಆಲ್ಟರ್ ಮಾಡಿಸಲು ಬಂದವರು, 'ಏನ್ರೀ, ಮಗಳು ಕಂಪ್ಯೂಟರಿಗೆ ಹಾರಿದಳಂತೆ, ಸ್ವೀಟ್ ಎಲ್ಲಿ' ಅಂದುಬಿಟ್ಟಿದ್ದರು. ಅಪ್ಪ ಎಲ್ಲ ಗೊತ್ತಿದ್ದವರ ಹಾಗೆ ನಕ್ಕು, ಹುಡುಗನನ್ನು ಕಳಿಸಿ ಕಾಲು ಕೆಜಿ ಮೈಸೂರ್ ಪಾಕ್ ತರಿಸಿ ಕೊಟ್ಟರಂತೆ. ಅಮ್ಮ ಹೇಳಿದ್ದು.

ನನಗೆ ಬೈಯಲಿಲ್ಲ. ಅರ್ಜಿಯ ಜೆರಾಕ್ಸ್ ಕೇಳಿದರು. ಕನ್ನಡಕ ಹಣೆಗೇರಿಸಿ ಹತ್ತಿರ ಹಿಡಿದು ನೋಡಿ, 'ನನ್ನ ಸಹಿಯಲ್ಲಿ ಒತ್ತಕ್ಷರ ಹೀಗೆ ಬಾಲ ಎಳೆಯಲ್ಲ' ಅಂದರು. ಮಡಚಿ ಕೊಟ್ಟು ಕಾಜ ಹೊಲಿಯಲು ಕೂತರು.

ಆಮೇಲೆ ಮೂರು ವರ್ಷ ಫೀಸು ಒಂದು ದಿನವೂ ತಡವಾಗಲಿಲ್ಲ. ಆದರೆ ಕಾಲೇಜಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಮೊದಲೆಲ್ಲ ಲೇತ್ ಹೇಗಿರುತ್ತೆ, ಅದಕ್ಕೂ ಎಣ್ಣೆ ಬಿಡ್ತಾರಾ ಅಂತ ತಲೆ ತಿನ್ನುತ್ತಿದ್ದವರು. ಖಾಕಿ ಅಂಗಿಯ ಬೆನ್ನು ಹರಿದು ಮಿಷನ್ ಒರೆಸುವ ಬಟ್ಟೆಯಾಯಿತು. ಸಿಟ್ಟಿಗಾ, ಬಟ್ಟೆ ದಂಡವಾಗಬಾರದು ಅಂತಲಾ, ಇವತ್ತಿಗೂ ಕೇಳುವ ಧೈರ್ಯ ಬಂದಿಲ್ಲ. ಅಪ್ಪನಿಗೆ ಈಗ 78. ನನ್ನ ಜತೆಗೇ ಇದ್ದಾರೆ.

ಬ್ರ್ಯಾಂಚ್ ಬದಲಾಯಿಸಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಅದನ್ನೂ ಬರೆಯದಿದ್ದರೆ ಸುಳ್ಳಾಗುತ್ತದೆ.

— ಹೆಸರು ಬೇಡ, ಮೈಸೂರು

*

ಕೊನೆಯದು ಚಿತ್ರದುರ್ಗ ಜಿಲ್ಲೆಯಿಂದ ಬಂದದ್ದು. ಕೇಳಿದ ಪ್ರಶ್ನೆಗೇ ಉತ್ತರ ಕೊಟ್ಟ ಕೆಲವೇ ಪತ್ರಗಳಲ್ಲಿ ಒಂದು.

ಮಗಳೇ, ನಾನೂ ಗಾರೆ ಕೆಲಸದವನೇ. ಪಾಯ ತೋಡುವಾಗ ಬಂದು ಬಾಗಿಲು ಈ ಕಡೆ ಬೇಡ, ಆ ಕಡೆ ಇಡಿ ಅಂದರೆ ಗೊಣಗಿಕೊಂಡಾದರೂ ಇಡುತ್ತೇವೆ. ಲಿಂಟಲ್ ಹಾಕಿದ ಮೇಲೆ ಬಂದು ಹೇಳಿದರೆ ಕೈಯೇ ಆಡಲ್ಲ. ನಿಮ್ಮಪ್ಪನಿಗೆ ಆ ಕೋರ್ಸು ಏನು ಅಂತ ಅರ್ಥ ಆಗದಿದ್ದರೂ ಪರವಾಗಿಲ್ಲ. ಸೀಟು ಸಿಗದೆ ಹೋದರೆ ನಿನ್ನ ಜತೆ ಬೇಜಾರು ಮಾಡಿಕೊಳ್ಳೋಕಾದರೂ ಒಬ್ಬರು ಇರಬೇಕಲ್ವಾ? ಸಂಜೆ ಕೈಕಾಲು ತೊಳೆದು ಉಂಡು ಕೂತಾಗ ಹೇಳು. ಉಣ್ಣೋಕೆ ಮುಂಚೆ ಬೇಡ. ಮೊದಲು ಆಗಲ್ಲ ಅಂತಾನೆ. ನಾನೂ ಅಂದಿದ್ದೆ.

(ಮಾವ ಹೇಳುತ್ತಾ ಹೋದರು, ನಾನು ಬರೆದೆ. ಕೊನೆಯ ಎರಡು ಪದ ಹೊಡೆದುಹಾಕು ಅಂದರು. ಹಾಕಿಲ್ಲ. — ಸೊಸೆ)

*

ಈ ಕೊನೆಯ ಪತ್ರವನ್ನು ದಾವಣಗೆರೆಯ ಓದುಗಿಗೆ ಮೊದಲೇ ಕಳಿಸಿದ್ದೇವೆ. ಅವರ ಎರಡನೇ ಸೆಮಿಸ್ಟರಿನ ಫಲಿತಾಂಶ ಇನ್ನೂ ಬಂದಿಲ್ಲ. — ಸಂ.