ತಲೆ ಸವೆದ ಚಕ್ರದ ಬೋಲ್ಟನ್ನು ತೆಗೆಯುವುದು ಹೇಗೆ?

ಪ್ರಶ್ನೆ (ಶಿರಾ): ಪಂಕ್ಚರ್ ಅಂಗಡಿಯೊಂದರಲ್ಲಿ ಇಂಪ್ಯಾಕ್ಟ್ ಗನ್‌ನಿಂದ (ಬೋಲ್ಟುಗಳನ್ನು ರಭಸದಿಂದ ಬಿಗಿಯುವ ಯಂತ್ರ) ಅತಿಯಾಗಿ ಬಿಗಿದದ್ದರಿಂದ ನನ್ನ ಪೋಲೊ ಕಾರಿನ ಹಿಂದಿನ ಚಕ್ರದ ಒಂದು ಬೋಲ್ಟಿನ ಮೂಲೆಗಳು ಸವೆದು, ಸ್ಪ್ಯಾನರ್ ಜಾರುತ್ತಿದೆ. ಹಬ್‌ಗೆ (ಬೋಲ್ಟುಗಳು ಕೂರುವ, ಚಕ್ರದ ಹಿಂದಿನ ನಡುಭಾಗ) ಹಾನಿಯಾಗದಂತೆ ಇದನ್ನು ತೆಗೆಯಬಹುದೇ?

ಉತ್ತರ (ತುಮಕೂರು): ತೆಗೆಯಬಹುದು. ಚಕ್ರ ನೆಲದ ಮೇಲಿರುವಾಗಲೇ ಹ್ಯಾಂಡ್ ಬ್ರೇಕ್ ಹಾಕಿ, ಒಳಗೆ ಎಡಸುರುಳಿಯ ಹಲ್ಲುಗಳಿರುವ ಎಕ್ಸ್‌ಟ್ರಾಕ್ಟರ್ ಸಾಕೆಟನ್ನು ಸುತ್ತಿಗೆಯಿಂದ ಬಡಿದು ಕೂಡಿಸಿ, ಉದ್ದ ಹಿಡಿಯ ಬಾರ್‌ನಿಂದ ನಿಧಾನವಾಗಿ ತಿರುಗಿಸಿ. ಎಲ್ಲರೂ ಸೂಚಿಸುವ ತುಕ್ಕುಬಿಡಿಸುವ ಎಣ್ಣೆಯಿಂದ ಇಲ್ಲಿ ಹೆಚ್ಚು ಪ್ರಯೋಜನವಿಲ್ಲ. ಬೋಲ್ಟಿನ ತಲೆಯೇ ರಂಧ್ರವನ್ನು ಮುಚ್ಚಿರುವುದರಿಂದ ಎಣ್ಣೆ ಬೋಲ್ಟಿನ ಸುರುಳಿ ಎಳೆಗಳನ್ನು (ಥ್ರೆಡ್) ತಲುಪುವುದು ಕಷ್ಟ, ಬ್ರೇಕಿಗೆ ಸೋರಿದರೆ ಅಪಾಯ ಬೇರೆ.

ಪ್ರಶ್ನೆ: ತಲೆಯೇ ತುಂಡಾದರೆ?

ಉತ್ತರ (ಚಿಂತಾಮಣಿ): ತಲೆ ಹೋದೊಡನೆ ಬಿಗಿತವೂ ಸಡಿಲಗೊಳ್ಳುವುದರಿಂದ, ಕಾರನ್ನು ಜಾಕ್‌ನಿಂದ ಎತ್ತಿ ಉಳಿದ ಬೋಲ್ಟುಗಳನ್ನು ತೆಗೆದು ಚಕ್ರ ಕಳಚಿದ ಮೇಲೆ, ಹೊರಚಾಚಿದ ತುಂಡನ್ನು ವೈಸ್ ಗ್ರಿಪ್‌ನಿಂದ (ಬಿಗಿಹಿಡಿತದ ಇಕ್ಕಳ) ಹಿಡಿದು ತಿರುಗಿಸಬಹುದು. ಒಳಗೇ ಮುರಿದಿದ್ದರೆ ನಡುವೆ ಪಂಚ್ ಗುರುತು ಹಾಕಿ ಎಡಕ್ಕೆ ತಿರುಗುತ್ತಾ ಕೊರೆಯುವ ಎಡಸುರುಳಿ ಬಿಟ್‌ನಿಂದ ಕೊರೆಯಬೇಕು. ಇದನ್ನು ಲೇತ್ ಕೆಲಸಗಾರರಿಗೆ ಬಿಡುವುದೇ ಲೇಸು, ಏಕೆಂದರೆ ಕೊರೆದ ರಂಧ್ರಕ್ಕೆ ಇಳಿಸಿ ತುಂಡನ್ನು ತಿರುಗಿಸಿ ತೆಗೆಯುವ ಅಗ್ಗದ ಎಕ್ಸ್‌ಟ್ರಾಕ್ಟರ್ ಒಳಗೆ ಮುರಿದರೆ ಆ ಗಟ್ಟಿ ಉಕ್ಕನ್ನು ಸಾಮಾನ್ಯ ಡ್ರಿಲ್ ಕೊರೆಯಲಾರದು. ಬೋಲ್ಟಿನ ಬದಲು ಸ್ಟಡ್ (ಹಬ್‌ನಿಂದ ಹೊರಚಾಚಿರುವ ಸುರುಳಿ ಎಳೆಯ ಸರಳು) ಮತ್ತು ನಟ್ ಇರುವ ಕಾರುಗಳಲ್ಲಿ ಹಳೆಯ ಸ್ಟಡ್ಡನ್ನು ಹಿಂದಕ್ಕೆ ಬಡಿದು ತೆಗೆದು ಹೊಸದನ್ನು ಕೂಡಿಸಬಹುದು.

ಉತ್ತರ (ತುಮಕೂರು): ನಿಮ್ಮ ಪೋಲೊಗೆ ಹೊಸ ಬೋಲ್ಟನ್ನು ಎಣ್ಣೆ ಸವರದೆ, ಟಾರ್ಕ್ ರೆಂಚ್‌ನಿಂದ (ಬಿಗಿತವನ್ನು ಅಳೆಯುವ ಸ್ಪ್ಯಾನರ್) 120 ನ್ಯೂಟನ್ ಮೀಟರ್‌ಗೆ ಬಿಗಿಯಿರಿ.