ತಿಂಗಳ ಕೊನೆಯ ಗುರಿ, ಸ್ಟಾಕಿಸ್ಟ್ ಗೋದಾಮು ಮತ್ತು ರಾಜೀನಾಮೆಯ ಒತ್ತಡ

ದಾವಣಗೆರೆ ರೆಪ್:
ಎಲ್ಲರಿಗೂ ನಮಸ್ಕಾರ. ನಾನು ಔಷಧ ಕಂಪನಿಯೊಂದರ ಮೆಡಿಕಲ್ ರೆಪ್. ದಾವಣಗೆರೆ ನನ್ನ ಹೆಡ್‌ಕ್ವಾರ್ಟರ್ಸ್. ಹರಿಹರ, ರಾಣೆಬೆನ್ನೂರು, ಚಿತ್ರದುರ್ಗ, ಚಳ್ಳಕೆರೆ ಟೂರ್ ಪ್ರೋಗ್ರಾಂನಲ್ಲಿವೆ. ತಿರುಗಾಟದ ಬಗ್ಗೆಯಾಗಲಿ, ಡಾಕ್ಟರ ಬಾಗಿಲಲ್ಲಿ ರಾತ್ರಿ ಒಂಬತ್ತರವರೆಗೆ ಕಾಯುವ ಬಗ್ಗೆಯಾಗಲಿ ನನ್ನ ತಕರಾರಿಲ್ಲ. ತಕರಾರಿರುವುದು ತಿಂಗಳ ಕೊನೆಯ ವಾರದ್ದು. ಕೆಮ್ಮಿನ ಸಿರಪ್‌ನ ಹಳೆಯ ಪೆಟ್ಟಿಗೆಗಳೇ ಕದಲದೆ ಬಿದ್ದಿರುವ ಸ್ಟಾಕಿಸ್ಟ್ (ಸಗಟು ವಿತರಕ) ಗೋದಾಮಿಗೆ ಇನ್ನಷ್ಟು ಮಾಲು ಇಳಿಸಬೇಕೆಂದು ಏರಿಯಾ ಮ್ಯಾನೇಜರ್ ಪಟ್ಟು ಹಿಡಿದರು. ಸ್ಟಾಕಿಸ್ಟ್ ಒಪ್ಪದಿದ್ದಾಗ, "ಸದ್ಯಕ್ಕೆ ದುಡ್ಡು ನೀವೇ ಹಾಕಿ, ಇನ್ಸೆಂಟಿವ್‌ನಲ್ಲಿ ಸರಿಹೋಗುತ್ತದೆ" ಎಂದು ಫೋನಿನಲ್ಲಿ ಹೇಳಿದರು. ನಾನು ಒಪ್ಪಲಿಲ್ಲ. ಅಂದಿನಿಂದ ಬೆಳಗ್ಗೆ ಎಂಟಕ್ಕೇ ಲೈವ್ ಲೊಕೇಶನ್ ಕೇಳುತ್ತಾರೆ, ವಾಟ್ಸಾಪ್ ಗುಂಪಿನಲ್ಲಿ ಹೆಸರು ಹಿಡಿದು ಹೀಯಾಳಿಸುತ್ತಾರೆ, ರಾಜೀನಾಮೆ ಮೇಲ್ ಮಾಡಿದರೆ ಒಳ್ಳೆಯ ರಿಲೀವಿಂಗ್ ಲೆಟರ್ ಕೊಡಿಸುತ್ತೇನೆ ಎನ್ನುತ್ತಾರೆ. ಬೇರೆ ಕೆಲಸ ಇನ್ನೂ ಸಿಕ್ಕಿಲ್ಲ. ರಾಜೀನಾಮೆ ಕೊಡುವುದು ಸರಿಯೇ? ಕೊಡದಿದ್ದರೆ ಹೇಗೆ ನಿಭಾಯಿಸಲಿ?

ಮಾಜಿ ಏರಿಯಾ ಮ್ಯಾನೇಜರ್, ಹುಬ್ಬಳ್ಳಿ:
ದುಡ್ಡು ಹಾಕದೇ ಇದ್ದದ್ದು ಒಳ್ಳೆಯದಾಯಿತು. ಅದಕ್ಕೆ ರಸೀದಿಯೂ ಇರುವುದಿಲ್ಲ, ಕೇಳಲು ಹೋದರೆ ಸಾಕ್ಷಿಯೂ ಇರುವುದಿಲ್ಲ. ಕಂಪನಿಯಿಂದ ಸ್ಟಾಕಿಸ್ಟ್‌ಗೆ ಹೋದದ್ದು ಪ್ರೈಮರಿ, ಅಲ್ಲಿಂದ ಮೆಡಿಕಲ್ ಶಾಪ್‌ಗೆ ಹೋದದ್ದು ಸೆಕೆಂಡರಿ ಎಂಬುದು ನಿಮಗೆ ಗೊತ್ತೇ ಇದೆ. ಮೇಲಿನವರ ಲೆಕ್ಕ ಪ್ರೈಮರಿಯ ಮೇಲೆ ನಿಂತಿರುವ ಕಂಪನಿಗಳಲ್ಲಿ ಈ ತಿಂಗಳು ತುರುಕಿದ ಮಾಲೇ ಮುಂದಿನ ಗುರಿಗೆ ಬುನಾದಿಯಾಗುತ್ತದೆ, ಗೋದಾಮು ತುಂಬಿರುವುದರಿಂದ ಹೊಸ ಆರ್ಡರ್ ಬರುವುದಿಲ್ಲ, ಕೊನೆಗೆ ಎಕ್ಸ್‌ಪೈರಿಯಾಗಿ ವಾಪಸು ಬಂದ ಮಾಲನ್ನು ನಿಮ್ಮ ಸೇಲ್ಸ್‌ನಿಂದಲೇ ಕಳೆಯುತ್ತಾರೆ. ಆದ್ದರಿಂದ ಪ್ರತಿ ತಿಂಗಳೂ ಸ್ಟಾಕಿಸ್ಟ್‌ರಿಂದ ಸ್ಟಾಕ್ ಅಂಡ್ ಸೇಲ್ಸ್ ಸ್ಟೇಟ್‌ಮೆಂಟ್ (ಎಷ್ಟು ಮಾಲು ಬಂತು, ಎಷ್ಟು ಮಾರಿತು, ಕೊನೆಗೆ ಎಷ್ಟು ಉಳಿಯಿತು ಎಂಬ ಲೆಕ್ಕ) ತರಿಸಿಕೊಂಡು, ಮ್ಯಾನೇಜರ್‌ಗೆ ಒಂದು ಸಣ್ಣ ಮೇಲ್ ಬರೆಯಿರಿ: "ನಿನ್ನೆ ಫೋನಿನಲ್ಲಿ ತಾವು ಸೂಚಿಸಿದ ಆರ್ಡರ್ ಕುರಿತು: ಈ ಸಿರಪ್‌ನ ಕ್ಲೋಸಿಂಗ್ ಸ್ಟಾಕ್ ಈಗಿನ ಮಾರಾಟದ ವೇಗದಲ್ಲಿ ಇಷ್ಟು ತಿಂಗಳಿಗೆ ಸಾಕಾಗುತ್ತದೆ. ಆದರೂ ಆರ್ಡರ್ ಹಾಕಿಸಬೇಕೇ ಎಂಬುದನ್ನು ದಯವಿಟ್ಟು ತಿಳಿಸಿ." ನಾನು ಆ ಕುರ್ಚಿಯಲ್ಲಿ ಕುಳಿತಿದ್ದವನಾಗಿ ಹೇಳುತ್ತೇನೆ, ಇಂಥ ಮೇಲ್‌ಗೆ "ಹೌದು" ಎಂದು ಬರೆದು ಕೊಡುವ ಮ್ಯಾನೇಜರ್ ಅಪರೂಪ.

ಸಂಘದ ಕಾರ್ಯಕರ್ತ:
ರಾಜೀನಾಮೆ ಬೇಡ. ಅವರಿಗೆ ನಿಮ್ಮನ್ನು ತೆಗೆಯುವ ಧೈರ್ಯವಿದ್ದಿದ್ದರೆ ನಿಮ್ಮ ಕೈಯಿಂದ ಬರೆಸಿಕೊಳ್ಳಲು ಇಷ್ಟು ಕಷ್ಟಪಡುತ್ತಿರಲಿಲ್ಲ. ನಮ್ಮ ವೃತ್ತಿಗೆಂದೇ 1976ರಲ್ಲಿ ಸೇಲ್ಸ್ ಪ್ರಮೋಷನ್ ಎಂಪ್ಲಾಯೀಸ್ ಕಾಯ್ದೆ ಬಂತು. ನಿಗದಿತ ನಮೂನೆಯ ನೇಮಕಾತಿ ಪತ್ರ, ಕೆಲಸ ಮಾಡಿದ ಅವಧಿಯ ಹನ್ನೊಂದರಲ್ಲಿ ಒಂದು ಭಾಗದಷ್ಟು ಗಳಿಕೆ ರಜೆ, ಕೈಗಾರಿಕಾ ವಿವಾದ ಕಾಯ್ದೆಯ ರಕ್ಷಣೆ ಎಲ್ಲವೂ ಅದರಿಂದ ದೊರೆತವು. 2025ರ ನವೆಂಬರ್ 21ರಿಂದ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿದ್ದು, ಕೈಗಾರಿಕಾ ಸಂಬಂಧಗಳ ಸಂಹಿತೆ 'ಕಾರ್ಮಿಕ' ಎಂಬುದರ ವ್ಯಾಖ್ಯೆಯಲ್ಲೇ ನಮ್ಮನ್ನು ಹೆಸರಿಸಿ ಸೇರಿಸಿದೆ. ಮುಂದೆ ನೀವಾಗಿಯೇ ಬಿಟ್ಟರೂ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕೆಂದು ವೇತನ ಸಂಹಿತೆ ಹೇಳುತ್ತದೆ. ಇವತ್ತೇ ಮಾಡಬೇಕಾದ ಕೆಲಸವೊಂದಿದೆ: ಡೈಲಿ ರಿಪೋರ್ಟ್, ಎಕ್ಸ್‌ಪೆನ್ಸ್ ಸ್ಟೇಟ್‌ಮೆಂಟ್, ಸಂಬಳದ ಚೀಟಿಗಳ ಪ್ರತಿಗಳನ್ನು ತೆಗೆದಿಟ್ಟುಕೊಳ್ಳಿ. ಜಗಳ ಬಿಗಿಯಾದ ದಿನ ಮೊದಲು ಮುಚ್ಚುವುದು ಕಂಪನಿ ಆ್ಯಪ್‌ನ ಲಾಗಿನ್.

ಸ್ಟಾಕಿಸ್ಟ್, ಶಿವಮೊಗ್ಗ:
ನಮ್ಮ ಕಡೆಯ ಮಾತನ್ನೂ ಸೇರಿಸುತ್ತೇನೆ. ಎಕ್ಸ್‌ಪೈರಿ ಮಾಲಿನ ಕ್ರೆಡಿಟ್ ನೋಟ್‌ಗಾಗಿ (ವಾಪಸು ಕಳಿಸಿದ ಮಾಲಿನ ಹಣ ನಮ್ಮ ಲೆಕ್ಕಕ್ಕೆ ಜಮಾ ಆಯಿತೆಂಬ ಕಂಪನಿಯ ಚೀಟಿ) ನಾವು ತಿಂಗಳುಗಟ್ಟಲೆ ಅಲೆದಿರುತ್ತೇವೆ, ಹಾಗಾಗಿ ರೆಪ್ ಮೇಲೆ ರೇಗುವುದೂ ಉಂಟು. ನಮ್ಮ ಅಂಗಡಿಯಲ್ಲಿ ಈಗ ಲಿಖಿತ ಆರ್ಡರ್ ಇಲ್ಲದೆ ಬಿಲ್ಲಾಗಿ ಬಂದ ಪೆಟ್ಟಿಗೆಯನ್ನು ಬಿಡಿಸಿಕೊಳ್ಳುವುದಿಲ್ಲ, ಟ್ರಾನ್ಸ್‌ಪೋರ್ಟ್ ಆಫೀಸಿನಿಂದಲೇ ವಾಪಸು ಕಳಿಸುತ್ತೇವೆ. ನಿಮ್ಮ ಸ್ಟಾಕಿಸ್ಟ್ ಹಾಗೆ ಮಾಡಲು ತಯಾರಿದ್ದರೆ ನಿಮ್ಮ ಅರ್ಧ ತಲೆನೋವು ಇಳಿಯುತ್ತದೆ. ಅವರನ್ನು ಕೂರಿಸಿಕೊಂಡು ಮಾತಾಡಿ.

ದಾವಣಗೆರೆ ರೆಪ್:
ಎಲ್ಲರಿಗೂ ಧನ್ಯವಾದಗಳು. ಸ್ಟೇಟ್‌ಮೆಂಟ್ ಲಗತ್ತಿಸಿ ಮೇಲ್ ಕಳಿಸಿದ್ದೇನೆ, ಉತ್ತರ ಬಂದಿಲ್ಲ. ಇನ್ನೊಂದು ಸಂಶಯ: ನೇಮಕಾತಿ ಪತ್ರದಲ್ಲಿ ನನ್ನ ಹುದ್ದೆ 'ಬಿಸಿನೆಸ್ ಎಕ್ಸಿಕ್ಯೂಟಿವ್' ಎಂದಿದೆ. ಕಾನೂನು ಆಗಲೂ ಅನ್ವಯಿಸುತ್ತದೆಯೇ?

ಸಂಘದ ಕಾರ್ಯಕರ್ತ:
1976ರ ಕಾಯ್ದೆಯಲ್ಲೇ "ಯಾವ ಹೆಸರಿನಿಂದ ಕರೆದರೂ" ಎಂಬ ಮಾತಿದೆ. ನೋಡುವುದು ಮಾಡುವ ಕೆಲಸವನ್ನು. ನಿಮ್ಮ ಕೈಕೆಳಗೆ ಯಾರೂ ಇಲ್ಲದೆ ಡಾಕ್ಟರ್, ಕೆಮಿಸ್ಟ್‌ಗಳನ್ನು ನೀವೇ ಕಾಣುತ್ತಿದ್ದರೆ ಆ ಬಿರುದಿಗೆ ಹೆದರಬೇಕಾಗಿಲ್ಲ. ಪತ್ರದ ಪ್ರತಿ ಹಿಡಿದುಕೊಂಡು ದಾವಣಗೆರೆಯ ಕಾರ್ಮಿಕ ಇಲಾಖೆಯ ಕಚೇರಿಗೆ ಒಮ್ಮೆ ಹೋಗಿ ಬನ್ನಿ.