ಕ್ಲಿಪ್ ಹಾಕಿಸಿದ ಹಲ್ಲು ಬೇಗ ಸರಿಯಲು ವಿಟಮಿನ್ ಬೇಕಾ? ಡಾಕ್ಟರ್ ಜೊತೆ ಪ್ರಶ್ನೋತ್ತರ

ಡಾಕ್ಟರ್: ನಾನು ಆರ್ಥೊಡಾಂಟಿಸ್ಟ್. ಒಂದು ಗಂಟೆ ಇರುತ್ತೇನೆ, ಕೇಳಿ.

ಮುಂಗಾರು: ಮೇಡಂ, ಕ್ಲಿಪ್ ಹಾಕಿಸಿ ಎಂಟು ತಿಂಗಳಾಯ್ತು. ವಿಟಮಿನ್ ಡಿ ತಗೊಂಡರೆ ಹಲ್ಲು ಬೇಗ ಸರಿಯುತ್ತದಂತೆ, ಹೌದಾ?

ಡಾಕ್ಟರ್: ತಂತಿ ಹಲ್ಲನ್ನು ಒತ್ತಿದ ಕಡೆ ಆಸ್ಟಿಯೋಕ್ಲಾಸ್ಟ್ ಅನ್ನುವ ಕೋಶಗಳು ಮೂಳೆ ಕರಗಿಸುತ್ತವೆ. ಹಿಂದೆ ಬಿಟ್ಟ ಜಾಗದಲ್ಲಿ ಬೇರೆ ಕೋಶಗಳು ಹೊಸ ಮೂಳೆ ಕಟ್ಟುತ್ತವೆ. ಎರಡರಲ್ಲೂ ವಿಟಮಿನ್ ಡಿ ಪಾತ್ರವಿದೆ. ಅದರ ಸಕ್ರಿಯ ರೂಪವನ್ನು ಬೆಕ್ಕುಗಳ ಹಲ್ಲಿನ ಪಕ್ಕ ಸೂಜಿಯಲ್ಲಿ ಕೊಟ್ಟಾಗ ಹಲ್ಲು ಬೇಗ ಸರಿದದ್ದುಂಟು. ನೀವು ಬೆಕ್ಕಲ್ಲ, ನುಂಗುವುದು ಮಾತ್ರೆ. ಕೊರತೆ ಇದ್ದರೆ ಸರಿಪಡಿಸಿಕೊಳ್ಳಿ. ಇಲ್ಲದಿದ್ದರೆ ಮಾತ್ರೆಯಿಂದ ಚಿಕಿತ್ಸೆ ಬೇಗ ಮುಗಿಯುತ್ತದೆ ಅನ್ನಲು ಗಟ್ಟಿ ಪುರಾವೆ ಇಲ್ಲ. ತಿಂಗಳಿಗೆ ಸುಮಾರು 1 ಮಿ.ಮೀ. ಸರಿದರೆ ಚೆನ್ನಾಗಿಯೇ ನಡೆಯುತ್ತಿದೆ.

ಹಸಿರೆಲೆ: ಎಲ್ಲರಿಗೂ ಉಪಯೋಗವಾಗಲಿ: "ವಿಟಮಿನ್ ಸಿ ಮಾತ್ರೆ ಪುಡಿ ಮಾಡಿ ರಾತ್ರಿ ಒಸಡಿಗೆ ಉಜ್ಜಿ, ಜೊತೆಗೆ ಡಿ ಮಾತ್ರೆ ಡಬಲ್ ನುಂಗಿ. ಅರ್ಧ ಸಮಯದಲ್ಲಿ ಕ್ಲಿಪ್ ತೆಗೆಸಬಹುದು."

ಡಾಕ್ಟರ್: ದಯವಿಟ್ಟು ಯಾರೂ ಉಜ್ಜಬೇಡಿ. ವಿಟಮಿನ್ ಸಿ ಅಂದರೆ ಆಸ್ಕಾರ್ಬಿಕ್ ಆಮ್ಲ. ಹಲ್ಲಿಗೆ ಆಮ್ಲ ಉಜ್ಜಿದರೆ ಎನಾಮಲ್ ಸವೆಯುತ್ತದೆ. ಡಿ ಜಾಸ್ತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೆ ಏಟು. ವೈದ್ಯರು ಹೇಳದೆ ದಿನಕ್ಕೆ 4000 ಐಯು (ಡಬ್ಬಿ ಮೇಲೆ IU ಅಂತಿರುವ ಅಳತೆ) ದಾಟಬಾರದು.

ರಾತ್ರಿಪಾಳಿ: ಒಸಡಲ್ಲಿ ರಕ್ತ ಬರುತ್ತದೆ. ವಿಟಮಿನ್ ಸಿ ಕಡಿಮೆಯಾಗಿದೆಯಾ?

ಡಾಕ್ಟರ್: ವಿಟಮಿನ್ ಸಿ ಕೊರತೆಯಿಂದ ಬರುವ ಸ್ಕರ್ವಿ ರೋಗ ಅಪರೂಪ, ಸರಿಯಾಗಿ ಬ್ರಶ್ ಮಾಡದವರು ಬಹಳ. ಕ್ಲೀನಿಂಗ್ ಮಾಡಿಸಿ.

ನೀಲಿಪೆನ್: ವಿಟಮಿನ್ ಕೆ2 ತಗೊಂಡರೆ?

ಅಮ್ಮನ ಮಗಳು: ಡಾಕ್ಟ್ರೇ, ಅಮ್ಮನಿಗೆ 58 ವರ್ಷ. ಮುಂದಿನ ಹಲ್ಲುಗಳಿಗೆ ಕ್ಲಿಪ್ ಹಾಕಿಸಿ ಐದು ತಿಂಗಳಾದರೂ ಹಲ್ಲು ಅಲ್ಲಾಡಿಲ್ಲ. ಕ್ಯಾಲ್ಸಿಯಂ, ಡಿ ಎಲ್ಲ ತಗೋತಾರೆ. ವಾರಕ್ಕೊಂದು ಮೂಳೆ ವಿಟಮಿನ್ ಕೂಡ ಇದೆ. ಖಾಲಿ ಹೊಟ್ಟೆಯಲ್ಲಿ ನುಂಗಿ ಅರ್ಧ ಗಂಟೆ ಮಲಗಬಾರದಂತೆ. ಡೋಸ್ ಜಾಸ್ತಿ ಮಾಡಬೇಕಾ?

ಡಾಕ್ಟರ್: ಏನೂ ಜಾಸ್ತಿ ಮಾಡಬೇಡಿ. ನೀವು ಹೇಳುತ್ತಿರುವುದು ವಿಟಮಿನ್ ಅಲ್ಲ ಅನ್ನಿಸುತ್ತಿದೆ. ವಾರಕ್ಕೊಂದು, ಖಾಲಿ ಹೊಟ್ಟೆ, ಮಲಗಬಾರದು: ಇದು ಮೂಳೆ ಸವೆತಕ್ಕೆ ಕೊಡುವ ಬಿಸ್‌ಫಾಸ್ಫೊನೇಟ್ ಗುಳಿಗೆಯ ಲಕ್ಷಣ. ಮೇಲೆ ಹೇಳಿದೆನಲ್ಲ, ಮೂಳೆ ಕರಗಿಸುವ ಕೋಶಗಳು ಅಂತ? ಅವನ್ನು ತಡೆಯುವುದೇ ಇದರ ಕೆಲಸ. ಬೆನ್ನುಮೂಳೆಗೆ ಒಳ್ಳೆಯದು. ಆದರೆ ಅದೇ ಕೋಶ ಕೆಲಸ ಮಾಡದಿದ್ದರೆ ಹಲ್ಲಿಗೆ ದಾರಿ ಯಾರು ಬಿಡುತ್ತಾರೆ? ಮದ್ದು ಮೂಳೆಯಲ್ಲೇ ವರ್ಷಗಟ್ಟಲೆ ಉಳಿಯುತ್ತದೆ, ಇವತ್ತು ನಿಲ್ಲಿಸಿದರೆ ನಾಳೆ ಹೋಗುವುದಿಲ್ಲ. ಹಾಗಾಗಿ ನೀವಾಗಿಯೇ ನಿಲ್ಲಿಸಬೇಡಿ. ಡಬ್ಬಿ ಮೇಲಿನ ಹೆಸರು ಬರೆಯಿರಿ. ಎಷ್ಟು ವರ್ಷದಿಂದ? ಹಲ್ಲು ಕೀಳಿಸುವ ಯೋಚನೆ ಇದೆಯಾ?

ಗಾಳಿಪಟ: ವಿಟಮಿನ್ ಡಿ ತಗೊಂಡರೆ ಬೇಗ ಸರಿಯುತ್ತಾ ಮೇಡಂ?

ಡಾಕ್ಟರ್: ಮೇಲೆ ಓದಿ.

ಹಸಿರೆಲೆ: ಬೇಗ ಮುಗಿದರೆ ಇವರಿಗೆ ಗಿರಾಕಿ ಕಡಿಮೆಯಾಗುತ್ತಾರೆ ಅಲ್ವಾ? ಅದಕ್ಕೇ ಬೇಡ ಅನ್ನುವುದು.

ನೇರಮಾತು: ರಿಟೇನರ್ ಹಾಕದೆ ಹಲ್ಲು ಮತ್ತೆ ಸೊಟ್ಟ ಆಯ್ತು ಅಂತ ಹೋದ ವಾರ ಇಲ್ಲೇ ಗೋಳಾಡಿದವರು ನೀವೇ ತಾನೇ?

ಹಸಿರೆಲೆ: ಅದಕ್ಕೂ ಇದಕ್ಕೂ ಏನ್ರೀ ಸಂಬಂಧ?

ನೇರಮಾತು: ನಿಮ್ಮ ಪುಡಿ ಉಜ್ಜಿಕೊಳ್ಳಬೇಕಿತ್ತು!

ಹಸಿರೆಲೆ: ಮರ್ಯಾದೆ ಕೊಟ್ಟು ಮಾತಾಡಿ.

ಡಾಕ್ಟರ್: ಇಬ್ಬರೂ ಬೇರೆ ಕಡೆ ಜಗಳವಾಡಿ. ಕ್ಲಿಪ್ ತೆಗೆದ ಮೇಲೂ ಒಸಡಿನ ನಾರುಗಳು ಹಲ್ಲನ್ನು ಹಳೇ ಜಾಗಕ್ಕೆ ಎಳೆಯುತ್ತವೆ. ಅವು ಹೊಂದಿಕೊಳ್ಳಲು ತಿಂಗಳುಗಟ್ಟಲೆ ಬೇಕು. ಹಲ್ಲನ್ನು ಹಿಡಿದಿಡುವ ರಿಟೇನರ್ ಅದಕ್ಕೇ.

ರಾತ್ರಿಪಾಳಿ: ತಂತಿ ಬಿಗಿ ಮಾಡಿಸಿದ ದಿನ ಐಬುಪ್ರೊಫೆನ್ ತಗೋಬಹುದಾ?

ಡಾಕ್ಟರ್: ಅಪರೂಪಕ್ಕೊಮ್ಮೆ ಪರವಾಗಿಲ್ಲ. ದಿನಾ ತಗೊಂಡರೆ, ಹಲ್ಲು ಸರಿಯಲು ನೆರವಾಗುವ ಪ್ರೊಸ್ಟಾಗ್ಲಾಂಡಿನ್ ಅನ್ನುವ ದೇಹದ ರಾಸಾಯನಿಕವನ್ನು ತಡೆದು ಹಲ್ಲು ಸರಿಯುವುದನ್ನೇ ನಿಧಾನ ಮಾಡಬಹುದು. ನಿಮಗೆ ಒಗ್ಗುವುದಾದರೆ ಪ್ಯಾರಾಸಿಟಮಾಲ್ ವಾಸಿ.

ನೀಲಿಪೆನ್: ಕೆ2 ಬಗ್ಗೆ ಕೇಳಿದ್ದೆ...

ಗಾಳಿಪಟ: ಓದಿದೆ. ಆದರೆ ಡಿ3 ಬೇರೆ ಅಲ್ವಾ?

ಡಾಕ್ಟರ್: ಅಲ್ಲ. ಅದೂ ಡಿಯೇ.

ಅಮ್ಮನ ಮಗಳು: ಡಬ್ಬಿ ಮೇಲೆ ಅಲೆಂಡ್ರೊನೇಟ್ ಅಂತ ಇದೆ. ನಾಲ್ಕು ವರ್ಷದಿಂದ. ಜಾಗ ಸಾಲದೆಂದು ನಾಡಿದ್ದು ಎರಡು ಹಲ್ಲು ಕೀಳುತ್ತಾರೆ. ಕ್ಲಿಪ್ ಹಾಕಿದವರಿಗೆ ಬರೀ ವಿಟಮಿನ್ ಅಂತ ಹೇಳಿದ್ದೆವು.

ಡಾಕ್ಟರ್: ಈಗಲೇ ಫೋನ್ ಮಾಡಿ ಹೆಸರು, ವರ್ಷ ಎರಡೂ ಹೇಳಿ. ಅವರು ಮತ್ತು ಮೂಳೆ ಡಾಕ್ಟರ್ ಮಾತಾಡಿಕೊಳ್ಳುವವರೆಗೆ ಕೀಳಿಸಬೇಡಿ. ಗುಳಿಗೆ ನುಂಗುವವರಲ್ಲಿ ಅಪರೂಪ, ಆದರೂ ಕಿತ್ತ ಜಾಗ ಮಾಯದೆ ದವಡೆ ಮೂಳೆ ಹೊರಗೆ ಕಾಣುವಂತಾಗಬಹುದು. ಅಮ್ಮನಿಗೆ ಬೈಯಬೇಡಿ. ಡಬ್ಬಿ ಜೊತೆಗೇ ಒಯ್ಯಿರಿ.

ಅಮ್ಮನ ಮಗಳು: ಫೋನ್ ಮಾಡುತ್ತಿದ್ದೇನೆ.

ಹಸಿರೆಲೆ: ನನ್ನ ಫಾರ್ವರ್ಡ್ ಅಳಿಸಿದ್ದು ಯಾರು?